ಬಾಗಿಲು ದಾಟದ ಹೆಂಡತಿ

…ಅಥವಾ ನಾನು ಬಾಗಿಲು ದಾಟಿಯೇ ಇದ್ದೆನೇನೋ. ಆ ನಾಟಕದಲ್ಲಿ ಕೆಲಸದವಳ ಪಾತ್ರ ಮಾಡಿದ್ದ ನನ್ನ ಜೊತೆಯ ಟೀಚರು ಈಗಲೂ ಹಾಗೆಯೇ ಸಾಧಿಸುತ್ತಾರೆ: ಬರೆದಿದ್ದ ಹಾಗೇ ನೀನು ಶಾಲು ಹೊದ್ದೆ, ಗಂಡನ ಮನೆಯ ಬಾಗಿಲು ತೆರೆದು ಹೊರಗೆ ಹೋದೆ, ಪರದೆ ಬಿತ್ತು. ನನ್ನ ನೆನಪಿನಲ್ಲಿ ನಾನು ಹೋಗಲೇ ಇಲ್ಲ. ಕುರ್ಚಿಯ ಮೇಲೆ ಕೂತೆ. ಅವರು ಸುಳ್ಳು ಹೇಳುವವರಲ್ಲ. ನನ್ನ ನೆನಪೋ, ತನಗೆ ಬೇಕಾದ ಕೊನೆಯ ದೃಶ್ಯವನ್ನು ತಾನೇ ಬರೆದುಕೊಳ್ಳುವ ಜಾತಿಯದು. ಅದನ್ನು ನಾನು ಪೂರ್ತಿ ನಂಬುವುದಿಲ್ಲ. ಬಿಟ್ಟುಕೊಡುವುದೂ ಇಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಕುಂದಾಪುರದ ಒಂದು ಶಾಲೆಯಲ್ಲಿ ನಾನು ಟೀಚರು; ಮನೆ ಬೀಜಾಡಿಯಲ್ಲಿ. ನಮ್ಮ ಇಂಗ್ಲಿಷ್ ಮಾಷ್ಟ್ರು ಹಿಂದಿನ ಶತಮಾನದ ಯುರೋಪಿನ ನಾಟಕಗಳನ್ನು ಓದಿ ಓದಿ ನಿದ್ದೆಗೆಟ್ಟವರು. ಆ ನಾಟಕಗಳಲ್ಲಿ ರಾಜರಿಲ್ಲ, ರಾಕ್ಷಸರಿಲ್ಲ, ಪದ್ಯವಿಲ್ಲ. ಒಂದು ಕೋಣೆ, ಒಂದು ಮೇಜು, ಗಂಡ, ಹೆಂಡತಿ, ಅವರಿಬ್ಬರ ನಡುವೆ ಹಣ. ಅಂಥದೇ ದಾರಿಯಲ್ಲಿ, ಅಲ್ಲಿನದೇ ಒಂದು ಊರಿನಲ್ಲಿ ನಡೆಯುವ ಹಾಗೆ, ಅವರು ತಾವೇ ಒಂದು ನಾಟಕ ಬರೆದರು. ಹೆಂಡತಿ ತಂದ ತವರಿನ ಹಣವೆಲ್ಲ ಕಾಯಿದೆ ಪ್ರಕಾರ ಗಂಡನ ವ್ಯಾಪಾರಕ್ಕೆ ಸೇರಿಹೋಗಿದೆ. ಕಾಯಿಲೆ ಬಿದ್ದ ತಂಗಿಗಾಗಿ ಅವಳು ಅದರಲ್ಲಿ ಸ್ವಲ್ಪ ಕೇಳುತ್ತಾಳೆ. ‘ಈ ಮನೆಯಲ್ಲಿ ನಿನ್ನದು ಅಂತ ಏನಿದೆ?’ ಎನ್ನುತ್ತಾನೆ ಗಂಡ. ಅವಳು ಶಾಲು ತೆಗೆದುಕೊಂಡು ಹೊರಟುಹೋಗುತ್ತಾಳೆ.

ಹೆಂಡತಿಯ ಪಾತ್ರಕ್ಕೆ ಮೊದಲು, ಯಕ್ಷಗಾನ ಮೇಳದಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದ ಒಬ್ಬರನ್ನು ಕರೆಸಿದ್ದರು. ಅವರು ‘ನನ್ನ ಹಣ’ ಎನ್ನುವಾಗಲೂ ಕತ್ತು ಕೊಂಕಿಸಿ ನಾಚುತ್ತಿದ್ದರು. ಮಾಷ್ಟ್ರು ಸೋತು ನನ್ನನ್ನು ಕೇಳಿದರು. ಹೆಣ್ಣಿನ ಪಾತ್ರವನ್ನು ಹೆಣ್ಣು ಮಾಡಿದರೆ ಊರು ಏನನ್ನುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಒಪ್ಪಿದೆ.

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಇಳಿಯುವುದು ತಾಯಿಯಿಂದ ಮಕ್ಕಳಿಗೆ, ಹೆಣ್ಣಿನ ಬಳ್ಳಿಯಲ್ಲಿ. ಗಂಡನಾದವನು ಹೆಂಡತಿಯ ಮನೆಗೆ ಬಂದು ಹೋಗುವವನು. ಅಬ್ಬಿ, ಅಂದರೆ ನನ್ನ ತಾಯಿ, ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದಳು. ಮನೆ ಪಾಲಾದಾಗ ಅವಳ ಪಾಲಿನ ಬೈಲುಗದ್ದೆ ನನಗೆ ಬಂತು. ಬಂತು ಎಂದರೆ, ಹೆಸರು ನನ್ನದು. ಭತ್ತ ಹೋಗುತ್ತಿದ್ದದ್ದು ಅಬ್ಬಿಯ ಅಣ್ಣನ, ಅಂದರೆ ನನ್ನ ಮಾವನ, ಕಣಜಕ್ಕೆ. ಕಣಜದ ಬೀಗದ ಕೈ ಅವರ ಉಡಿದಾರದಲ್ಲಿ. ಹೊರಗಿನವರು ‘ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯ’ ಎಂದಾಗ ನನಗೆ ಆ ಉಡಿದಾರ ಕಣ್ಣಿಗೆ ಬರುತ್ತಿತ್ತು.

ಅದೇ ವರ್ಷ ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಒಬ್ಬರ ಸಂಬಂಧ ಕೂಡಿಬಂತು. ಅವರಿಗೆ ಎರಡನೆಯ ಹೋಟೆಲು ಹಿಡಿಯಬೇಕಿತ್ತು. ಮಾವ ತೀರ್ಮಾನಿಸಿಬಿಟ್ಟರು: ನನ್ನ ಗದ್ದೆ ಮಾರುವುದು, ದುಡ್ಡು ಹುಡುಗನ ಕೈಗೆ. ಹಿಂದೆ ನಮ್ಮಲ್ಲಿ ಇಲ್ಲದ ಪದ್ಧತಿ ಇದು, ಬೊಂಬಾಯಿಯಿಂದ ಟ್ರಂಕಿನ ಜೊತೆ ಬಂದಿತ್ತು. ನನ್ನನ್ನು ಸಾಕಿದ ಅಮ್ಮಮ್ಮನೂ ಒಪ್ಪಿದ್ದಳು.

“ಗದ್ದಿ ಗಂಡ ಆತಿಲ್ಲೆ ಮಗಾ,” ಎಂದಿದ್ದಳು, ಗದ್ದೆ ಗಂಡನಾಗುವುದಿಲ್ಲ ಎಂದು.

ನಾಟಕ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದೆ. ಅಷ್ಟು ಸಮಯವನ್ನು ಮಾತ್ರ ನಾನು ಕಸಿದುಕೊಂಡೆ.

ರಜೆಯಲ್ಲಿ ಶಾಲೆಗೆ ಬೀಗ, ಹಾಗಾಗಿ ಅಭ್ಯಾಸ ನಮ್ಮ ಚಾವಡಿಯಲ್ಲೇ. ನಾಟಕದ ಗಂಡನಿಗೆ ಒಂದು ಗತ್ತಿನ ಕುರ್ಚಿ ಬೇಕಿತ್ತು. ಚಾವಡಿಯಲ್ಲಿದ್ದ ಮಾವನ ಬೆತ್ತದ ಕೈಕುರ್ಚಿಯೇ ಆಗಬಹುದು ಎಂದರು ಮಾಷ್ಟ್ರು. ಅದರಲ್ಲಿ ಮಾವನನ್ನು ಬಿಟ್ಟರೆ ಯಾರೂ ಕೂರುತ್ತಿರಲಿಲ್ಲ. ಹೆಂಗಸರಂತೂ ಅದನ್ನು ಒರೆಸುವುದಷ್ಟೇ. ಗಂಡನ ಪಾತ್ರದ ಡ್ರಾಯಿಂಗ್ ಮಾಷ್ಟ್ರು ಅದರ ತುದಿಯಲ್ಲಿ ಕೆಂಡದ ಮೇಲೆ ಕೂತ ಹಾಗೆ ಕೂತರು.

ಅಮ್ಮಮ್ಮ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಾ ನೋಡುತ್ತಿದ್ದಳು. ನಾನು ಶಾಲು ಎತ್ತಿಕೊಂಡದ್ದೇ ತಡ, ಅಭ್ಯಾಸ ನಿಲ್ಲಿಸಿದಳು.

“ಹ್ವಾಯ್ ಮಾಷ್ಟ್ರೇ, ಆ ಹೆಣ್ಣ್ ಎಲ್ಲಿಗ್ ಹೋಪುದ್?”

“ಮನಿ ಬಿಟ್ಟ್ ಹೋಪುದ್ ಅಮ್ಮ,” ಎಂದರು ಇಂಗ್ಲಿಷ್ ಮಾಷ್ಟ್ರು.

“ಯಾರ್ ಮನಿ?”

“ಗಂಡನ್ ಮನಿ.”

“ಅಲ್ಲಿ ಅವ್ಳಿಗೆಂತ ಕೆಲ್ಸ? ಅಬ್ಬಿ ಮನಿ ಇಲ್ಯಾ?”

“ಆ ಊರಂಗೆ ಅಬ್ಬಿ ಮನಿ ಅಂದ್ರೂ ಅಪ್ಪಂದೇ. ಹಣ ಅಪ್ಪನ್ ಕೈಯಿಂದ ಗಂಡನ್ ಕೈಗೆ.”

ಅಮ್ಮಮ್ಮನ ಸುಣ್ಣದ ಬೆರಳು ಅಲ್ಲೇ ನಿಂತಿತು. “ಹಾಂಗಾರೆ ಆ ಊರಂಗೆ ಹೆಂಗ್ಸ್ರ್ ಹುಟ್ಟುದೇ ಬ್ಯಾರೆಯರ್ ಮನ್ಯಂಗೆ ಅನ್ನಿ.”

“ಅಮ್ಮ, ನಾನೂ ಹೆಂಡ್ತಿ ಮನ್ಯಂಗೇ ಇಪ್ಪುದ್,” ಎಂದರು ಡ್ರಾಯಿಂಗ್ ಮಾಷ್ಟ್ರು ಕುರ್ಚಿಯಿಂದ.

“ಹಾಂಗಾರೆ ನಿಮ್ಮನ್ನೇ ಹೊರಗ್ ಹಾಕ್ಕ್!”

ಎಲ್ಲರೂ ನಕ್ಕರು, ಇಂಗ್ಲಿಷ್ ಮಾಷ್ಟ್ರನ್ನು ಬಿಟ್ಟು. ಅವರಿಗೆ ಬಾಗಿಲೇ ನಾಟಕದ ಜೀವ. ಹೊರಗೆ ಕಾಲಿಡುವ ಹೆಣ್ಣನ್ನು ನೋಡಿ ಯುರೋಪು ನಡುಗಿತು ಎಂದು ಅವರು ವಿವರಿಸಿದರು. ನಡುಗಿರಬಹುದು. ಆದರೆ ನನ್ನೊಳಗೆ ಏನೋ ಕಚ್ಚಿಕೊಂಡಿತು. ತನ್ನದೆಂದು ಏನೂ ಇಲ್ಲದವಳಿಗೆ ಹೊರಟುಹೋಗುವುದು ಧೈರ್ಯ. ನನ್ನ ಹೆಸರಿನಲ್ಲಿ ಗದ್ದೆ ಇತ್ತು. ನಾನು ಹೊರಟರೆ ಅದು ಮಾವನಿಗೆ ಅನುಕೂಲ, ಅಷ್ಟೇ.

ಪ್ರದರ್ಶನದ ಸಂಜೆ, ಅದಕ್ಕೆಂದೇ ಬೀಗ ತೆಗೆಸಿದ್ದ ಶಾಲೆಯ ಹಾಲಿನ ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಬೊಂಬಾಯಿಯ ಹುಡುಗ. ಅವರ ಅಂಗಿಯ ಇಸ್ತ್ರಿ ನನಗೆ ನೆನಪಿದೆ, ಮುಖವಿಲ್ಲ. ಹೆಂಗಸರ ಬದಿಯಲ್ಲಿ ಅಮ್ಮಮ್ಮ. ರಂಗದ ನಡುವೆ ಮಾವನ ಕುರ್ಚಿ.

ಡ್ರಾಯಿಂಗ್ ಮಾಷ್ಟ್ರು ಕುರ್ಚಿಯಿಂದ ಎದ್ದು ಆ ಮಾತು ಹೇಳಿದರು. “ಈ ಮನೆಯಲ್ಲಿ ನಿನ್ನದು ಅಂತ ಏನಿದೆ?” ನಾನು ಶಾಲು ತೆಗೆದುಕೊಂಡೆ. ಬಾಗಿಲಿನ ಕಡೆ ತಿರುಗಿದೆ. ಹೆಂಗಸರ ಬದಿಯಿಂದ ಅಮ್ಮಮ್ಮನ ಕೂಗು ಬಂತು:

“ಹ್ವಾಯ್! ನೀ ಎಂತಕ್ ಹೋಪುದ್? ಕೂಕೊ ಅಲ್ಲೇ! ಅಂವ ಹೋಯ್ಲಿ!”

ಕೂತುಕೋ ಎಂಬ ಈ ಕೂಗಿನ ಬಗ್ಗೆ ಕೆಲಸದವಳ ಪಾತ್ರದ ಟೀಚರಿಗೂ ನನಗೂ ತಕರಾರಿಲ್ಲ. ಹಾಲು ಹಾಲೇ ನಕ್ಕಿತು. ಆಮೇಲಿನದ್ದು ಎರಡಾಗಿ ಸೀಳಿದೆ. ಅವರ ಪ್ರಕಾರ ನಾನು ತುಟಿ ಕಚ್ಚಿಕೊಂಡು ಹೊರಗೆ ಹೋದೆ. ನನ್ನ ಪ್ರಕಾರ ನಾನು ವಾಪಸು ನಡೆದು ಬಂದು ಆ ಕುರ್ಚಿಯಲ್ಲಿ ಕೂತೆ, ಬೆನ್ನು ಪೂರ್ತಿ ಒರಗಿಸಿ. ಡ್ರಾಯಿಂಗ್ ಮಾಷ್ಟ್ರು ಟೊಪ್ಪಿ ಎತ್ತಿಕೊಂಡು ತಾವೇ ಹೊರಟರು. ಬೆತ್ತದ ತಂಪು ಇನ್ನೂ ನನ್ನ ತೋಳಿನಲ್ಲಿದೆ. ಅದು ಆ ಸಂಜೆಯದೋ, ಇನ್ಯಾವಾಗಿನದೋ, ತೋಳು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಕುರ್ಚಿ ಗಾಡಿಯಲ್ಲಿ ವಾಪಸು ಬಂತು. ಮಾವ ಅದರಲ್ಲಿ ಕೂತು ಕರೆದರು.

“ನಾಟ್ಕ ಮುಗೀತಲ್ಲ. ಗದ್ದಿ ವಿಷ್ಯ ಎಂತ?”

“ಮಾರ್ತಿಲ್ಲೆ ಮಾವ.”

“ಮದಿ?” ಎಂದು ಮದುವೆಯ ಮಾತೆತ್ತಿದರು.

“ಗದ್ದಿ ಬಿಟ್ಟ್ ನಾ ಒಬ್ಳೇ ಸಾಕಾ ಅಂತ ಹುಡ್ಗನ್ನ ಕೇಳಿ.”

“ಬಾಯಿ ಬಂತಲ್ಲ ನಿಂಗೆ, ವೇಷ ಹಾಕಿ!”

“ಈ ಸರ್ತಿ ಭತ್ತವೂ ನನ್ ಕೋಣೆಗೇ ಬರ್ಲಿ,” ಎಂದೆ. ಇದು ಮಾತ್ರ ಅನುಮಾನವಿಲ್ಲದೆ ನಡೆದದ್ದು, ಯಾಕೆಂದರೆ ಆ ವರ್ಷದ ಕೊಯ್ಲಿನಲ್ಲಿ ಭತ್ತ ನನ್ನ ಕೋಣೆಗೇ ಬಂತು. ಮಾವ ನನ್ನ ಜೊತೆ ಮಾತು ಬಿಟ್ಟರು. ಮಳೆ ಹಿಡಿಯುವ ಮೊದಲೇ ಹುಡುಗ ಬೊಂಬಾಯಿಗೆ ಹೋದರು. ಮರು ವರ್ಷ ಬೈಂದೂರಿನ ಕಡೆಯ ಒಬ್ಬಳನ್ನು ಮದುವೆಯಾದರಂತೆ. ಅವಳ ಗದ್ದೆ ಏನಾಯಿತು ಎಂದು ಮದುವೆಗೆ ಹೋಗಿ ಬಂದವರನ್ನು ಕೇಳಿದೆ. ಅವರು ಊಟದ ಬಗ್ಗೆ ಹೇಳಿದರು.

ಗದ್ದೆ ಮಾರುವುದಕ್ಕೆ ಹೂಂ ಎಂದವಳು ಅಮ್ಮಮ್ಮನೇ. ‘ಕೂಕೊ ಅಲ್ಲೇ’ ಎಂದು ಕೂಗಿದವಳೂ ಅವಳೇ. ಶಾಲು ಹೊದ್ದ ಆ ಪರದೇಶದ ಹೆಂಡತಿಗೆ ಕೂಗಿದಳೋ, ನನಗೆ ಕೂಗಿದಳೋ? ಆಮೇಲೆ ಅವಳು ಎಷ್ಟೋ ವರ್ಷ ಬದುಕಿದ್ದಳು, ನನ್ನ ಕೋಣೆಯ ಭತ್ತವನ್ನೇ ಅನ್ನ ಮಾಡಿ ಉಂಡಳು. ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.