ಎಡಗಡೆಯ ಮುಂದಿನ ಚಕ್ರ

ಗೋವೆಯ ಫಾತೋರ್ಡಾದ ಟೈರ್ ಅಂಗಡಿಯಲ್ಲಿ ಶಫೀಸಾಬ ಇಪ್ಪತ್ತೆರಡು ವರ್ಷ ಕಾರಿನ ಚಕ್ರ ಕೂಡಿಸಿದ. ಶೋಕಿಗೆ ಅಲಾಯ್ ಚಕ್ರ ಕೊಳ್ಳುವವರೆಲ್ಲ ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಸುಮ್ಮನೆ ಅಲ್ಲ. ಹೊರಗಿನಿಂದ ತಂದ ಚಕ್ರದ ನಡುವಿನ ತೂತು, ಅದು ಕೂರಬೇಕಾದ, ಅಚ್ಚಿನ ತುದಿಯ ಹಬ್‌ಗಿಂತ ದೊಡ್ಡದಿರುತ್ತದೆ. ಆ ಸಂದಿಗೆ ಸರಿಯಾದ ಅಳತೆಯ ರಿಂಗ್ ಹಾಕಬೇಕು; ಇಲ್ಲದಿದ್ದರೆ ಚಕ್ರ ನಟ್ಟನಡುವೆ ನಿಲ್ಲದೆ ಬರೀ ಬೋಲ್ಟುಗಳ ಮೇಲೆ ಜೀವ ಹಿಡಿದುಕೊಂಡು ಓಡುತ್ತದೆ. ಎಷ್ಟೋ ಅಂಗಡಿಯವರು ರಿಂಗೂ ಬೇಡ ಗಿಂಗೂ ಬೇಡ ಎಂದು ನಟ್ ಬಿಗಿದು ಗಿರಾಕಿಯನ್ನು ಸಾಗಹಾಕುತ್ತಾರೆ. ಶಫೀಸಾಬ ಹಾಗಲ್ಲ. ಮೊದಲು ತಂತಿ ಬ್ರಷ್‌ನಿಂದ ಹಬ್ ಉಜ್ಜಿ, ಸುತ್ತ ಬೆರಳಾಡಿಸಿ ನೋಡಬೇಕು. ಆಮೇಲೆ ರಿಂಗು, ಚಕ್ರ. ನಟ್‌ಗಳನ್ನು ಎದುರುಬದುರಾಗಿ ಬಿಗಿಯಬೇಕು. ಕೊನೆಗೆ "ಐವತ್ತು ಕಿಲೋಮೀಟರ್ ಓಡಿಸಿ ಮತ್ತ ಬರ್ರಿ, ನಟ್ ನೋಡ್ತೇನಿ" ಎಂದು ಪ್ರತಿಯೊಬ್ಬರಿಗೂ ಹೇಳಬೇಕು. ಹೊತ್ತಾಯಿತೆಂದು ಮಾಲೀಕ ಹಲ್ಲು ಕಡಿದರೂ ಇವನು ಕ್ರಮ ಬಿಟ್ಟವನಲ್ಲ.

ಬಿಟ್ಟದ್ದು ಒಂದೇ ಸಲ, ಅದೂ ನಾನಪ್ಪನ ಕಾರಿಗೆ.

ನಾನಪ್ಪ ಟ್ಯಾಕ್ಸಿ ಓಡಿಸುವವನು. ಅವನ ಊರು ತಾಳಿಕೋಟೆ ಕಡೆ, ಶಫೀಸಾಬನದು ಮುದ್ದೇಬಿಹಾಳ. ಇಬ್ಬರ ಮನೆಯೂ ಮೋತಿ ಡೊಂಗರದ ಗುಡ್ಡದ ಮೇಲೆ, ನಡುವೆ ಹತ್ತು ಮೆಟ್ಟಿಲು. ಹೋದ ಮಾರ್ಚ್‌ನಲ್ಲಿ ನಾನಪ್ಪ ಒಂದು ಹಳೆಯ ಕಾರು ಕೊಂಡು, ಅದರಲ್ಲಿದ್ದ ಸೊಟ್ಟ ಅಲಾಯ್ ತೆಗೆಸಿ ಬೇರೆ ಹಾಕಿಸಲು ಬಂದ. ಮೂರು ಚಕ್ರ ಕ್ರಮದಂತೆಯೇ ಆದವು. ನಾಲ್ಕನೆಯದಕ್ಕೆ ಬರುವಾಗ ಊರಿನ ಮಾತು ಹತ್ತಿತು. ಇಡೀ ದಿನ ಹಿಂದಿ, ಕೊಂಕಣಿಯಲ್ಲಿ ಬಾಯಿ ಸವೆಸುವವನಿಗೆ ತನ್ನ ಮಾತು ಸಿಕ್ಕರೆ ಕೇಳಬೇಕೆ? ಯಾರ ಹೊಲ ಯಾರ ಪಾಲಾಯಿತು, ಡೋಣಿ ಹೊಳೆಗೆ ನೀರು ಬಂತೋ ಇಲ್ಲವೋ ಎನ್ನುತ್ತ ಶಫೀಸಾಬ ಬ್ರಷ್ ಮರೆತ. ರಿಂಗ್ ಹಾಕಿದ ಚಕ್ರವನ್ನು ಹಾಗೇ ಹಬ್‌ಗೆ ಒತ್ತಿದ. ಸ್ವಲ್ಪ ಬಿಗಿ ಅನ್ನಿಸಿತು. ಅಂಗೈಯಿಂದ ಗುದ್ದಿ, ನಟ್ ಬಿಗಿದು ಕಳಿಸಿದ.

ನಾಲ್ಕು ದಿನದ ಮೇಲೆ ನಾನಪ್ಪ ಹೆಂಡತಿ ಜಮುನಾಬಾಯಿಯನ್ನು ಕೂರಿಸಿಕೊಂಡು ಪಣಜಿಗೆ ಹೊರಟಿದ್ದ. ಹೆದ್ದಾರಿಯಲ್ಲಿ ಎಡಗಡೆಯ ಮುಂದಿನ ಚಕ್ರ ಕಳಚಿಕೊಂಡು ಹೋಯಿತು. ಕಾರು ಮೋರಿಗೆ ಬಡಿಯಿತು. ನಾನಪ್ಪನ ಕಾಲು ಮುರಿಯಿತು. ಪಕ್ಕದಲ್ಲಿದ್ದ ಜಮುನಾಬಾಯಿ ಅಲ್ಲೇ ತೀರಿಕೊಂಡಳು.

ಐವತ್ತು ಕಿಲೋಮೀಟರ್ ಓಡಿಸಿ ಬಾ ಎಂದಿದ್ದರೂ ನಾನಪ್ಪ ಹೋಗಿರಲಿಲ್ಲ. ಬಾಡಿಗೆ ಮೇಲೆ ಬಾಡಿಗೆ ಬಂದಿತ್ತು, ನಾಳೆ ಹೋದರಾಯಿತು ಎಂದುಕೊಂಡಿದ್ದ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ, ಇಪ್ಪತ್ತೈದರ ಮಗ ಪಾಂಡುವಿನೆದುರು ಅದನ್ನೇ ಹೇಳಿಕೊಂಡು ಅತ್ತ. ಪಾಂಡು ಅವತ್ತೇ ಅಪ್ಪನೊಡನೆ ಮಾತು ಬಿಟ್ಟ. ಪೊಲೀಸರೂ ಚಾಲಕನ ನಿರ್ಲಕ್ಷ್ಯ ಎಂದು ಬರೆದುಕೊಂಡರು. ಅಂಗಡಿಯ ಮಾಲೀಕನಿಗೆ ಅಷ್ಟೇ ಸಾಕಾಯಿತು. ಬಾ ಎಂದರೂ ಬರಲಿಲ್ಲ, ತಪ್ಪು ಅವನದು, ನೀನು ಬಾಯಿ ಮುಚ್ಚಿಕೊಂಡಿರು ಎಂದು ಹಿಂದಿಯಲ್ಲಿ ತಾಕೀತು ಮಾಡಿದ. ಸುಳ್ಳೇಕೆ ಹೇಳಬೇಕು, ಶಫೀಸಾಬನಿಗೂ ಆ ಮಾತು ಹಿತವಾಗಿಯೇ ಕೇಳಿಸಿತು.

ಆದರೂ ಜೀವ ತಡೆಯಲಿಲ್ಲ. ಒಂದು ಮಧ್ಯಾಹ್ನ ಠಾಣೆಯ ಹಿಂದೆ ಬಿದ್ದಿದ್ದ ಆ ಕಾರಿನ ಬಳಿ ಹೋಗಿ ಕುಕ್ಕರುಗಾಲಲ್ಲಿ ಕೂತ. ಬೋಳು ಹಬ್‌ನ ಸುತ್ತ ಬೆರಳಾಡಿಸಿದ. ಉಗುರಿಗೆ ಒಂದು ಅಂಚು ತಗುಲಿತು. ತೆಗೆದುಹಾಕಿದ ಹಳೆಯ ಅಲಾಯ್‌ನ ರಿಂಗು. ಗೋವೆಯ ಉಪ್ಪುಗಾಳಿಗೆ ಕರೆಗಟ್ಟಿ, ಹಬ್‌ನದೇ ಬಣ್ಣವಾಗಿ, ಅದಕ್ಕೇ ಕಚ್ಚಿಕೊಂಡು ಉಳಿದಿತ್ತು. ಇವನ ಹೊಸ ರಿಂಗು ಅದಕ್ಕೆ ತಾಗಿ ನಿಂತು, ಚಕ್ರ ಪೂರ್ತಿ ಕೂತೇ ಇರಲಿಲ್ಲ. ನಟ್‌ಗಳದೆಲ್ಲ ಸುಳ್ಳು ಬಿಗಿ. ಒಂದು ಸಲ ಬ್ರಷ್ ಆಡಿಸಿದ್ದರೆ ಕಾಣುತ್ತಿತ್ತು. ಶಫೀಸಾಬ ಅಲ್ಲೇ ಮಣ್ಣಲ್ಲಿ ಕೂತುಬಿಟ್ಟ.

ಹದಿನೈದು ದಿನ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಪೊಲೀಸರು ಎಳೆದೊಯ್ಯುತ್ತಾರೆ. ಹೇಳದಿದ್ದರೆ ಹತ್ತು ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ, ತಾನೇ ಹೆಂಡತಿಯನ್ನು ಕೊಂದೆ ಎಂದುಕೊಂಡು ಮಲಗಿರುತ್ತಾನೆ. ಕಡೆಗೆ ಹೆಂಡತಿ ಲಾಲಬಿಗೆ ಹೇಳಿದ.

"ನಾ ದಿನಾ ಅವರ ಮನಿಗೆ ಹೋಗಿ ಬರಾಕತ್ತೇನಿ. ಆ ಪಾಂಡು ಅಪ್ಪಗ ನೀರ ಸುದ್ದಾ ಕೈಯಾಗ ಕೊಡಂಗಿಲ್ಲ, ನೆಲದ ಮ್ಯಾಲ ಇಟ್ಟು ಹೋಗ್ತಾನ," ಎಂದಳು. "ಹೋಗಿ ಹೇಳಿ ಬರ್ರಿ. ಮುಂದಿಂದು ಮುಂದ."

ಮರುದಿನ ಬೆಳಿಗ್ಗೆಯೇ ಹೋದ. ನಾನಪ್ಪ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲಿದ್ದ. "ಬರ್ರಿ ಶಫೀಸಾಬ್ರ, ಕೂಡ್ರಿ" ಎಂದ. ಶಫೀಸಾಬ ಕೂಡಲಿಲ್ಲ.

"ನಾನಪ್ಪಾ, ತಪ್ಪು ನಂದೈತಿ. ಆ ಗಾಲಿ ಕೂಡಸೂ ಮುಂದ ನಾ ಹಬ್ ಉಜ್ಜಲಿಲ್ಲ. ಹಳೀ ರಿಂಗ್ ಒಳಗ ಹತ್ಕೊಂಡಿತ್ತು, ನೋಡಲಿಲ್ಲ. ಈಗ ಕಣ್ಣಾರೆ ನೋಡಿ ಬಂದೇನಿ."

ನಾನಪ್ಪ ಕೇಳಿದ: "ನಾ ತಿರುಗಿ ಬಂದಿದ್ರ?"

"ಬಂದಿದ್ರ ನಟ್ ಬಿಗಿ ಮಾಡಿ ಕಳಸ್ತಿದ್ದೆ. ಗಾಲಿ ಬಿಚ್ಚಿ ನೋಡ್ತಿರಲಿಲ್ಲ."

"ಪಾಂಡು, ಬಾ ಇಲ್ಲೆ," ಎಂದು ನಾನಪ್ಪ ಒಳಗೆ ಕೂಗಿದ. ಪಾಂಡು ಬಾಗಿಲಿಗೆ ಬಂದು ನಿಂತ. "ಈಗ ಇವಗ ಹೇಳ್ರಿ. ಎಲ್ಲಾ ಹೇಳ್ರಿ," ಎಂದ ನಾನಪ್ಪ.

ಶಫೀಸಾಬ ಮೊದಲಿನಿಂದ ಹೇಳಿದ. ತಾಯಿ ಸತ್ತ ಮಗನ ಮುಖ ನೋಡಿಕೊಂಡು ಹೇಳುವುದು ಇನ್ನೂ ಕಷ್ಟವಾಯಿತು. ಪಾಂಡು ಮಂಚದ ಪಕ್ಕ ಕುಸಿದು ಕೂತು, ಅಪ್ಪನ ಕೈ ಹಿಡಿದು ಅಳತೊಡಗಿದ. ನಾನಪ್ಪ ಇನ್ನೊಂದು ಕೈಯಿಂದ ಅವನ ತಲೆ ಸವರಿದ.

"ಪೊಲೀಸರ ಮುಂದನೂ ಹೇಳ್ತೇನಿ," ಎಂದ ಶಫೀಸಾಬ.

"ಹೇಳ್ರಿ," ಎಂದ ನಾನಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. "ಲಾಲಬಿ ಅಕ್ಕ ಬಂದ್ರ ಬರ್ಲಿ. ನೀವು ಇನ್ನ ಈ ಮನಿಗೆ ಬರಬ್ಯಾಡ್ರಿ."

ಶಫೀಸಾಬ ಹೂಂ ಎಂದು, ಚಪ್ಪಲಿ ಮೆಟ್ಟಿಕೊಂಡು ಠಾಣೆಯ ದಾರಿ ಹಿಡಿದ.