ಸೋನುಬಾಯಿಯ ಭಜ್ಜಿ ಪಂಕ್ತಿ

ಸೋನುಬಾಯಿಗೆ ಸಹಿ ಹಾಕಲು ಬರುವುದಿಲ್ಲ. ಸುಮ್ಮನಿರಲಂತೂ ಮೊದಲೇ ಬರುವುದಿಲ್ಲ. ಘಾಟಬೋರಾಳದ ಆಚೆಗಿನ ಪುಟ್ಟ ಹಳ್ಳಿ, ವಾಡಿಯಲ್ಲಿ ಮೂವತ್ತು ವರ್ಷ ಕಂಡವರ ಹೊಲದ ಕಳೆ ಕಿತ್ತ ಗಟ್ಟಿ ಹೆಂಗಸು. ಜೀವವೆಲ್ಲ ಮೊಮ್ಮಗಳು ಸುಮೇಧಾಳ ಮೇಲೆ. ಹುಡುಗಿ ಹುಮನಾಬಾದಿನಲ್ಲಿ ಪಿಯುಸಿ ಓದುತ್ತಿದ್ದಳು. ಕಾಲೇಜು ಒಂಬತ್ತೂವರೆಗೆ, ವಾಡಿಯ ಹತ್ತಿರ ಬಸ್ಸು ಹತ್ತಕ್ಕೆ! ದಿನಾ ಮೊದಲೆರಡು ಪಾಠ ಖೋತಾ. ಜನವರಿಯಲ್ಲೂ ಹಾಜರಿ ಹೀಗೇ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪತ್ರವೇ ಬಂತು.

ಬೆಳಿಗ್ಗೆ ಬೇಗನೆ ವಾಡಿಯೊಳಗೇ ಒಂದು ಬಸ್ಸು ಬರಲಿ ಎಂದು ಕೇಳಲು ಸೋನುಬಾಯಿ ಸೆರಗು ಬಿಗಿದು ಹೊರಟಳು. ಬಸ್ ಡಿಪೋದ ಧನರಾಜ ಸಾಹೇಬರು, "ಬಸ್ ತಿರುಗಾಕ ನಿಮ್ಮಲ್ಲಿ ಜಾಗ ಎಲ್ಲದ? ಮತ್ತ ಕಾಲೇಜಿನವ್ರು ಬರದು ಕೊಡ್ಲಿ" ಎಂದರು. ಪ್ರಿನ್ಸಿಪಾಲ್ ವಿದ್ಯಾವತಿ ಮೇಡಂ, "ಡಿಪೋದವ್ರು ಹ್ಞೂಂ ಅಂದ್ರ ಬರೀತೀನಿ" ಎಂದರು. ಊರಬಾಯಲ್ಲೇ ರಾಶಿ ಕಣವಿದ್ದ ಮಹಾರುದ್ರಪ್ಪ ಸಾವ್ಕಾರರು, "ಮದ್ಲ ಬಸ್ ಬರ್ಲಿ, ಆಮ್ಯಾಲ ಜಾಗ" ಎಂದರು. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು! ಮೂವರೂ ಒಳ್ಳೆಯವರೇ, ಅದೇ ದೊಡ್ಡ ಪೀಡೆ.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಆ ದಿನ ಹಸಿ ಕಾಳು, ತರಕಾರಿ ಕೂಡಿಸಿ ಕುದಿಸುವ ಹೊಲದ ಭಜ್ಜಿಯ ಊಟಕ್ಕೆ ಕರೆದರೆ ಈ ಕಡೆ ಯಾರೂ ಒಲ್ಲೆ ಅನ್ನುವುದಿಲ್ಲ. ಪಂಕ್ತಿಯ ನಡುವೆ ಎದ್ದರೆ ಪೈರಿಗೇ ಅವಮಾನ.

"ಸಾವ್ಕಾರ್ರೇ, ಈ ಸಲ ನಿಮ್ಮ ಹೊಲದಾಗ ಭಜ್ಜಿ ನಾ ಕುದಸ್ತೀನ್ರಿ. ಇಬ್ಬರು ಪಾವ್ಣ್ಯಾರು ಬರಾಕತ್ತಾರ."

ಅವಳ ಕೈಯ ನೀರನ್ನೂ ಒಂದು ಕಾಲಕ್ಕೆ ಮುಟ್ಟದ ಮನೆತನ ಅದು. ಮಹಾರುದ್ರಪ್ಪ ನೆಲ ನೋಡುತ್ತಲೇ ಅಂದರು:

"ಕುದಸು. ಖಾರ ಕಮ್ಮಿ ಇರ್ಲಿ."

ಅತಿಥಿಗಳಾದ ಧನರಾಜರಿಗೂ ಮೇಡಂಗೂ ಇನ್ನೊಬ್ಬರು ಬರುವ ಸುದ್ದಿ ಹೇಳಿರಲಿಲ್ಲ, ಕಿಲಾಡಿ! ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಮೂವರನ್ನೂ ಒಂದೇ ಸಾಲಿಗೆ ಕೂರಿಸಿದಳು. ಸಜ್ಜೆ ರೊಟ್ಟಿ ಹಾಕಿ, ಬಿಸಿ ಭಜ್ಜಿ ಬಡಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಈಗ ಹೇಳ್ರಿ, ಯಾರು ಯಾರ ಹಾದಿ ನೋಡಾಕತ್ತೀರಿ?"

ಧನರಾಜರು ಮೇಡಂ ಕಡೆ ನೋಡಿದರು, ಮೇಡಂ ಸಾವ್ಕಾರರ ಕಡೆ. ಏಳುವಂತಿಲ್ಲ. ಮಹಾರುದ್ರಪ್ಪನವರಿಗೆ ನಗು ತಡೆಯದೆ ರೊಟ್ಟಿ ನೆತ್ತಿಗೇರಿತು. "ಎಲಾ ಮುದುಕಿ! ತಗೋರಿ ಸಾಹೇಬ್ರ, ಕಣ ಬಸ್ಸಿಗೆ ಬಿಟ್ಟೆ!" ವಿದ್ಯಾವತಿ ಎಡಗೈಯಿಂದ ಚೀಲ ತಡಕಿ ಪೆನ್ನು ತೆಗೆದರು. ಧನರಾಜ, "ಸೋಮವಾರ ಎಂಟೂವರೆಗೆ ಬಸ್" ಅಂದವರೇ ಇನ್ನೊಂದು ಸೌಟು ಭಜ್ಜಿ ಕೇಳಿದರು.

ಸೋಮವಾರ ಬಸ್ಸು ಬಂತು. "ಬರ್ಲಿ, ಬರ್ಲಿ, ಸಾಕ್!" ಎಂದು ಕಣದಲ್ಲಿ ನಿಂತು ಹಿಂದಕ್ಕೆ ಬಿಡಿಸಿದವಳು ಸೋನುಬಾಯಿಯೇ. ಸುಮೇಧಾಳನ್ನು ಹತ್ತಿಸಿ ಕೂಲಿಗೆ ಹೋದಳು. ಕೈ ಕಳೆ ಕೀಳುತ್ತಿದ್ದರೂ ಕಿವಿಯೆಲ್ಲ ಮಡಿಲಿನ ಫೋನಿನ ಮೇಲೆ. ಹತ್ತೂಕಾಲಿಗೆ ಅದು ರಿಂಗಾಯಿತು, ಮೊಮ್ಮಗಳದೇ.

"ಆಯಿ, ಮದ್ಲನೇ ಪಾಠಕ್ಕ ಹಾಜರಿ ಹಾಕಿದ್ರು!"

ಸಾಲಿನ ಹೆಂಗಸರೆಲ್ಲ ಕೇಕೆ ಹಾಕಿದರು. ಸೋನುಬಾಯಿ ಖುಷಿಗೆ ಗೊಳೋ ಎಂದು ಅತ್ತಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಆಮೇಲೆ ಗದರಿದಳು:

"ಮತ್ತ ನನ್ನ ಕೂಡ ಏನು ಮಾತಾಡಾಕತ್ತಿ? ಎರಡನೇದು ಶುರು ಆಗ್ತದ, ಫೋನ್ ಇಡು!"