ಅದೇ ಗುಂಪಿನ ರಕ್ತ

ಮೊನ್ನೆ ಮೊಮ್ಮಗನ ರಕ್ತ ಪರೀಕ್ಷೆಗೆ ಹೋದಾಗ ಸ್ಪಿರಿಟ್ ಹಚ್ಚಿದ ಹತ್ತಿಯ ವಾಸನೆ ಮೂಗಿಗೆ ಬಡಿಯಿತು. ಮೂವತ್ತು ವರ್ಷ ಆ ವಾಸನೆಯಲ್ಲೇ ನೌಕರಿ ಮಾಡಿದವನು ನಾನು. ಆದರೂ ನೆನಪಾದದ್ದು ಒಬ್ಬರೇ... ಪಕ್ಕದ ಮನೆಯ ಕಾಕಾ.

ಕಾಕಾ ನಾಲ್ಕು ಕುರಿ ಸಾಕಿಕೊಂಡು, ಕೊಟ್ಟೂರು, ಹೊಸಹಳ್ಳಿ ಕಡೆಯ ಹಟ್ಟಿಗಳಿಗೆ ಉಣ್ಣೆ ಕತ್ತರಿಸಲು ಹೋಗುತ್ತಿದ್ದರು. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದೆ. ತೊಂಬತ್ತರ ದಶಕದಲ್ಲಿ, ಹೆರಿಗೆಯಾದ ನನ್ನ ಹೆಂಡತಿಗೆ ವಿಪರೀತ ರಕ್ತ ಹೋದಾಗ, ಕೇಳುವ ಮೊದಲೇ ತೋಳು ಚಾಚಿದವರು ಅವರು. ನಾನೇ ಪರೀಕ್ಷಿಸಿದೆ, ಬಿ ಪಾಸಿಟಿವ್. ನಾನೇ ರಿಜಿಸ್ಟರಿನಲ್ಲಿ ಬರೆದೆ. ಹೆಂಡತಿ ಉಳಿದಳು.

ಎರಡು ವರ್ಷದ ನಂತರ, ಕುರಿ ಹೊಲಕ್ಕೆ ನುಗ್ಗಿದವೆಂದು ಕಾಕಾನ ಜೊತೆ ಜಗಳವಾಡಿದ್ದ ರೈತನೊಬ್ಬ ಕೊಲೆಯಾದ. ಪೊಲೀಸರು ಕಾಕಾನ ಪಂಚೆ ಒಯ್ದರು. ಅದರ ಮೇಲೆ ರಕ್ತದ ಕಲೆಯಿತ್ತು.

"ಕತ್ರಿ ಜಾರಿ ಬೆರಳು ಕೊಯ್ಕೊಂಡೀನ್ರಿ. ನಂದೇ ರಕ್ತ ಐತಿ ಅದು," ಎಂದರು ಕಾಕಾ. ಯಾರೂ ನಂಬಲಿಲ್ಲ.

ಕೋರ್ಟಿನಲ್ಲಿ ಡಾಕ್ಟರು ಹೇಳಿದ್ದು ಇಷ್ಟೇ: ಕಲೆ ಬಿ ಗುಂಪಿನದು, ಸತ್ತವನದೂ ಅದೇ ಗುಂಪು. ಸುಳ್ಳಲ್ಲ. ಆದರೆ ಸರ್ಕಾರಿ ವಕೀಲರ ಬಾಯಲ್ಲಿ ಅದು ಸತ್ತವನ ರಕ್ತವೇ ಆಗಿಬಿಟ್ಟಿತು. ನನ್ನ ರಿಜಿಸ್ಟರಿನ ಯಾವ ಪುಟ ತೆರೆದರೂ ಬಿ ಗುಂಪಿನವರು ಎಷ್ಟೋ ಜನ. ಕಾಕಾನ ಗುಂಪು ಯಾವುದೆಂದು ಒಬ್ಬರೂ ಕೇಳಲಿಲ್ಲ, ಅವರ ವಕೀಲರಿಗೂ ಹೊಳೆಯಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಗೊತ್ತಿತ್ತು...

ಕಾಕಾನದೂ ಬಿ ಗುಂಪೇ ಎಂದು ಮುಂಚಿನ ದಿನವೇ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ಹೇಳಿದ್ದೆ. "ಪೊಲೀಸ್ ಕೇಸಿನಾಗ ಬಾಯಿ ಹಾಕಬ್ಯಾಡ. ನೌಕರಿ ಐತಿ, ಸಣ್ಣ ಕೂಸು ಐತಿ ನಿನಗ," ಎಂದಿದ್ದರು. ಆ ಕೂಸಿನ ತಾಯಿ ಯಾರ ರಕ್ತದಿಂದ ಉಳಿದಳು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕಾಕಾನಿಗೆ ಜೀವಾವಧಿ ಶಿಕ್ಷೆಯಾಯಿತು.

ಹೆಂಡತಿ ನನ್ನೊಡನೆ ಮಾತು ಬಿಟ್ಟಳು. ವರ್ಷಗಳು ಕಳೆದ ಮೇಲೆ, ಅದನ್ನು ತಾಳಲಾರದೆ, ರಿಜಿಸ್ಟರಿನ ಪುಟದ ನಕಲು ಹಿಡಿದು ಮೇಲ್ಮನವಿಯ ವಕೀಲರ ಬಳಿ ಹೋದೆ. ಕಲೆ ಕಾಕಾನದೇ ಇರಬಹುದು, ಬೇರೆ ಗಟ್ಟಿ ಸಾಕ್ಷಿಯಿಲ್ಲ ಎಂದು ಹೈಕೋರ್ಟು ಬಿಡುಗಡೆ ಮಾಡಿತು. ಅಷ್ಟರಲ್ಲಿ ಆರು ವರ್ಷ ಜೈಲಾಗಿತ್ತು. ಅವರ ಹೆಂಡತಿ ತೀರಿಹೋಗಿದ್ದರು.

ಬಂದ ದಿನ ನಮ್ಮ ಪಡಸಾಲೆಯಲ್ಲಿ ಕೂತು ಕೇಳಿದರು, "ಅವತ್ತ ಕೋರ್ಟಿನಾಗ ನೀನೂ ಇದ್ದೆಲ್ಲಪಾ... ನಿನಗ ಗೊತ್ತಿತ್ತಲ್ಲ?"

"ಗೊತ್ತಿತ್ತು ಕಾಕಾ."

ನನ್ನ ಹೆಂಡತಿ ತಂದಿಟ್ಟ ಚಹಾ ಮುಟ್ಟದೆ ಕಾಕಾ ಎದ್ದು ಹೋದರು.

ಆಮೇಲೂ ಎಷ್ಟೋ ವರ್ಷ ಪಕ್ಕದಲ್ಲೇ ಬದುಕಿದರು. ನಮ್ಮ ಹೊಸ್ತಿಲು ಮತ್ತೆ ತುಳಿಯಲಿಲ್ಲ. ಈಗ ಅವರಿಲ್ಲ, ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ತಪ್ಪಾಯ್ತು ಕಾಕಾ ಎಂದು ಒಂದು ಮಾತು ಹೇಳಬೇಕಿದ್ದ ನಾನು, ಗೋಡೆಯ ಈಚೆ ಕೂತೇ ಮುದುಕನಾದೆ.